ಸೌಂಡ್ ಕಮ್ಮಿ ಮಾಡ್ರಲೇ

ತಂಗಿಯ ಮಗ ರಜೆಗೆ ಬಂದಿದ್ದಾನೆ. ಬೆಳಿಗ್ಗೆ ಎದ್ದರೆ ಮೊಬೈಲು, ಮೊಬೈಲಿನಲ್ಲಿ ಮೈನ್‌ಕ್ರಾಫ್ಟ್. ಆಡಲಿ, ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಬೇರೆ. ಆಟದ ಸೌಂಡ್ ಪೂರ್ತಿ ತೆಗೆದು, ಟಿವಿಯಲ್ಲಿ ಯಾವುದೋ ಸಿನಿಮಾ ಹಾಡು ಜೋರಾಗಿ ಹಾಕಿಕೊಂಡು ಆಡುತ್ತಾನೆ.

"ಯಾಕೋ, ಅದರ ಮ್ಯೂಸಿಕ್ ಚೆನ್ನಾಗಿಲ್ವಾ?" ಅಂದೆ.

"ಅದ್ರಲ್ಲಿ ಮ್ಯೂಸಿಕ್ ಐತಾ ಮಾಮ?" ಅಂದ.

ಮೈಯೆಲ್ಲ ಉರಿದುಹೋಯಿತು. ಡೇನಿಯಲ್ ರೋಸೆನ್‌ಫೆಲ್ಡ್ ಅಂತ ಒಬ್ಬ ಜರ್ಮನ್ ಹುಡುಗ ಆ ಆಟಕ್ಕೆ ಮಾಡಿದ ಸಂಗೀತ 2011ರಲ್ಲಿ ಆಲ್ಬಮ್ ಆಗಿಯೂ ಬಂತು. ಹೆಚ್ಚಿನದು ಮೆಲ್ಲಗಿನ ಪಿಯಾನೋ. ಒಂದು ತುಣುಕು ಮುಗಿದರೆ ಮುಗಿಯಿತು, ಎಷ್ಟೋ ಹೊತ್ತು ಏನೂ ಇಲ್ಲ. ನೀವು ಮರ ಕಡಿಯುತ್ತಾ ಮಣ್ಣು ಅಗೆಯುತ್ತಾ ಅದನ್ನು ಮರೆತೇಬಿಟ್ಟಾಗ ಎಲ್ಲಿಂದಲೋ ಎರಡು ಸ್ವರ ಬರುತ್ತವೆ. ಇಷ್ಟು ನಾಚಿಕೆ ಸ್ವಭಾವದ ಸಂಗೀತವನ್ನು ಮ್ಯೂಟ್ ಮಾಡೋಕೆ ಮನಸ್ಸಾದರೂ ಹೇಗೆ ಬರುತ್ತೆ? ಅದೇನು ಗಲಾಟೆ ಮಾಡ್ತಿತ್ತಾ?

ಸರಿ, ಈ ಆಟಗಳ ಸಂಗೀತ ಯಾಕೆ ತಲೆಯೊಳಗೆ ಮನೆ ಮಾಡಿಬಿಡುತ್ತದೆ ಅಂತ ಇವನಿಗೆ ತಿಳಿಸಿ ಹೇಳೋಣ ಅಂತ ಕೂತೆ. ಶುರು ಮಾಡಬೇಕಾದ್ದು ಓಡುತ್ತಾ ಹಾರುತ್ತಾ ಹೋಗೋ ಆ ಹಳೆಯ ಆಟ ಮಾರಿಯೋದಿಂದ. ಮಾರಿಯೋ ಅಂದರೆ ಆ ಅಂಗಡಿ ಬಂದೇ ಬರುತ್ತದೆ.

ತೊಂಬತ್ತರ ದಶಕದ ದಾವಣಗೆರೆ. ಮಂಡಿಪೇಟೆ ಕಡೆಯ ಒಂದು ಓಣಿಯಲ್ಲಿ ಸೈಕಲ್ ಬಾಡಿಗೆ ಅಂಗಡಿ, ಅದರ ಹಿಂದೆ ಕಿಟಕಿಯಿಲ್ಲದ ಕೋಣೆ. ಎರಡು ಪೋರ್ಟಬಲ್ ಟಿವಿ, ಎರಡು ಡೂಪ್ಲಿಕೇಟ್ ಟಿವಿ ಗೇಮ್. ಕ್ಯಾಸೆಟ್ಟಿನ ಮೇಲೆ '9999 ಇನ್ 1' ಅಂತ ಬರೆದಿರೋದು. ಒಳಗಿದ್ದದ್ದು ಬೆರಳೆಣಿಕೆಯ ಆಟ, ಅವೇ ಮತ್ತೆ ಮತ್ತೆ. ಅಂಗಡಿಯಣ್ಣನ ಬಾಯಲ್ಲಿ ಬರುತ್ತಿದ್ದದ್ದು ಎರಡೇ ಮಾತು. ಒಂದು "ಕೈ ತೋರ್ಸಲೇ". ಇನ್ನೊಂದು "ಸೌಂಡ್ ಕಮ್ಮಿ ಮಾಡ್ರಲೇ, ಮ್ಯಾಲೆ ಅಜ್ಜಿ ಮಲಗೈತಿ".

ಕೈ ತೋರಿಸೋದಕ್ಕೆ ಕಾರಣ ಮಂಡಕ್ಕಿ, ಮೆಣಸಿನಕಾಯಿ. ಸಂಜೆ ಹೊತ್ತು ಅದನ್ನು ತಿನ್ನದ ಹುಡುಗ ನಮ್ಮೂರಲ್ಲಿ ಎಲ್ಲಿದ್ದಾನೆ? ಬೆರಳ ತುದಿಗೆ ಅರಿಶಿನ, ಪುಟಾಣಿ ಹಿಟ್ಟು, ಬಜ್ಜಿಯ ಎಣ್ಣೆ. ಆ ಬೆರಳು ಎರಡು ದಿನ ಬಟನ್ ಮೇಲೆ ಆಡಿದರೆ ಒಳಗಿನ ರಬ್ಬರ್ ಅಂಟಿಕೊಂಡು ಮಾರಿಯೋ ತನ್ನಷ್ಟಕ್ಕೆ ತಾನೇ ಹಾರೋಕೆ ಶುರು. ಅದಕ್ಕೇ ಬಾಗಿಲಲ್ಲಿ ಒಂದು ಬಕೆಟ್ ನೀರು, ಕೆಂಪು ಸೋಪಿನ ತುಂಡು, ಯಾವ ಕಾಲದಲ್ಲೋ ಬೆಳ್ಳಗಿದ್ದ ಟವೆಲ್ಲು. ತೊಳೆದು ಬಂದರೂ ಅಣ್ಣನಿಗೆ ನಂಬಿಕೆಯಿಲ್ಲ. ಕೈ ಹಿಡಿದು ಮೂಸುತ್ತಿದ್ದ. ಎಣ್ಣೆ ವಾಸನೆ ಬಂದರೆ ಮತ್ತೆ ಬಕೆಟ್ಟಿನ ಹತ್ತಿರ. ನನ್ನ ಗೆಳೆಯನೊಬ್ಬ ಆಟದ ಆಸೆಗೆ ಮೆಣಸಿನಕಾಯನ್ನು ಪೇಪರಿನಲ್ಲಿ ಹಿಡಿದು ಬರೀ ಬಾಯಲ್ಲೇ ಕಚ್ಚಿ ತಿನ್ನೋದು ಕಲಿತಿದ್ದ.

ಇಷ್ಟು ಶುದ್ಧಾಚಾರದ ಮನುಷ್ಯ ಟೈಮಿನ ವಿಷಯದಲ್ಲಿ ಮಾತ್ರ ಶುದ್ಧ ಕಳ್ಳ. 1985ರಲ್ಲಿ ಕೋಜಿ ಕೊಂಡೋ ಮಾರಿಯೋಗೆ ಸಂಗೀತ ಕೊಡುವಾಗ ಒಂದು ಕಿತಾಪತಿ ಮಾಡಿಟ್ಟಿದ್ದಾನೆ. ಪರದೆಯ ಮೇಲಿನ ಟೈಮು ನೂರರ ಹತ್ತಿರ ಇಳಿದಾಗ ಒಂದು ಗಾಬರಿ ತುಣುಕು ಕೇಳಿಸುತ್ತದೆ. ಆಮೇಲೆ ಅದೇ ಹಾಡು ದಡಬಡ ಓಡತೊಡಗುತ್ತದೆ. ನಾವು ದುಡ್ಡು ಕೊಟ್ಟಿರುತ್ತಿದ್ದದ್ದು ಅರ್ಧ ಗಂಟೆಗೆ. ಇಪ್ಪತ್ತು ನಿಮಿಷ ಆಗಿದ್ದರೆ ಸಾಕು, ಹಾಡು ಓಡತೊಡಗಿದ ಕೂಡಲೇ ಅಣ್ಣ ಗಲ್ಲಾದಿಂದಲೇ ಕೂಗುತ್ತಿದ್ದ: "ಟೈಮ್ ಆತು, ಗೇಮೇ ಹೇಳಾಕತ್ತೈತಿ ನೋಡ್ರಲೇ. ಏಳ್ರಿ, ಏಳ್ರಿ!" ನಾವು ಏಳುತ್ತಿದ್ದೆವು. ಮೊದಲ ಸ್ಟೇಜಿನಲ್ಲಿ ಟೈಮು 400ರಿಂದ ಶುರುವಾಗುತ್ತದೆ, ಆದರೆ ಅವು ಸೆಕೆಂಡುಗಳಲ್ಲ. ಗಡಿಯಾರ ಹಿಡಿದು ನೋಡಿದರೆ ಅಷ್ಟೂ ಖರ್ಚಾಗೋಕೆ ಮೂರು ನಿಮಿಷವೂ ಬೇಡ. ಆ ಕಾಲದಲ್ಲಿ ನಮ್ಮ ಹತ್ತಿರ ವಾಚು ಎಲ್ಲಿತ್ತು?

ಆ ಮೋಸಕ್ಕೆ ನಾನು ಕಳೆದುಕೊಂಡದ್ದು ನೀರೊಳಗಿನ ಸ್ಟೇಜನ್ನು. ಅಲ್ಲಿ ಕೊಂಡೋ ಮೂರು ಏಟಿನ ವಾಲ್ಟ್ಸ್ ಅನ್ನೋ ಕುಣಿತದ ತಾಳ ಹಾಕಿದ್ದಾನೆ, ಹಾಡೂ ಮಾರಿಯೋ ಜೊತೆ ತೇಲುತ್ತದೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ನನ್ನ ಅರ್ಧ ಗಂಟೆ ಯಾವಾಗಲೋ 'ಮುಗಿದಿರುತ್ತಿತ್ತು'.

ಮಾರಿಯೋ ಹುಟ್ಟಿದ ಆ ಮೆಷಿನ್ನಿನ ಸೌಂಡ್ ಚಿಪ್ಪಿಗೆ ಇದ್ದದ್ದು ಐದೇ ಚಾನೆಲ್, ಅಂದರೆ ಒಮ್ಮೆಗೆ ಐದೇ ದನಿ. ಎರಡರಲ್ಲಿ ರಾಗ, ಒಂದರಲ್ಲಿ ಕೆಳಗಿನ ಸ್ವರ, ಒಂದರಲ್ಲಿ ತಾಳಕ್ಕೆ ಬರೀ ಗರಗರ. ಉಳಿದ ಒಂದು ರೆಕಾರ್ಡ್ ಮಾಡಿದ ಚೂರುಗಳಿಗೆ. ಮಾರಿಯೋ ಹಾರಿದರೆ ಆ 'ಟುಯ್ಯ್' ಸದ್ದಿಗೂ ಇವುಗಳಲ್ಲೇ ಜಾಗ ಆಗಬೇಕು. ಅಷ್ಟು ಹೊತ್ತು ಹಾಡಿನ ಒಂದು ದನಿ ಬಾಯಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಒಬ್ಬೊಬ್ಬ ಹುಡುಗ ಆಡುವಾಗ ಹಾಡು ಒಂದೊಂದು ಕಡೆ ಹರಿದಿರುತ್ತಿತ್ತು. ಸುಮ್ನೆ ಹಾರುತ್ತಲೇ ಇರುವ ಒಬ್ಬನಿದ್ದ. ಅವನು ಆಡುವಾಗ ಹಾಡು ಚೂರುಚೂರು. ಈಗ ಯೂಟ್ಯೂಬಿನಲ್ಲಿ ಆ ಹಾಡನ್ನು ಶುದ್ಧವಾಗಿ ಕೇಳಿದರೆ ಏನೋ ಉಪ್ಪು ಕಮ್ಮಿ. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಕಾಪಾಡಿ ಇಡಬೇಕಾದ ಧ್ವನಿಗಳ ಪಟ್ಟಿಗೆ ಸೇರಿಸಿತು. ವಿಡಿಯೋ ಗೇಮಿನ ಸಂಗೀತಕ್ಕೆ ಆ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ನಮ್ಮಲ್ಲಿ ಅದನ್ನೇ ಕಮ್ಮಿ ಮಾಡ್ರಲೇ ಅಂದಿದ್ದರು.

ಮೇಲಿಂದ ಬೀಳೋ ಇಟ್ಟಿಗೆ ಜೋಡಿಸುವ ಟೆಟ್ರಿಸ್ ಬಗ್ಗೆಯೂ ಹೇಳಬೇಕು. 1989ರ ಗೇಮ್‌ಬಾಯ್ ಅನ್ನೋ ಕೈಯಲ್ಲಿ ಹಿಡಿದು ಆಡುವ ಮೆಷಿನ್ನಿನಲ್ಲಿ ಅದಕ್ಕೆ ಹಾಕಿದ್ದು ರಷ್ಯಾದ ಹಳೆಯ ಜಾನಪದ ಹಾಡು. ಅದರಲ್ಲಿ ಸಾಮಾನು ಹೊತ್ತು ಮಾರುವ ವ್ಯಾಪಾರಿ ಹುಡುಗ, ಒಬ್ಬಳು ಹುಡುಗಿ, ಅವರ ಚೌಕಾಸಿ. ದುಗ್ಗಮ್ಮನ ಜಾತ್ರೆಯಲ್ಲಿ ನಾನು ಕೊಂಡ ಬ್ರಿಕ್ ಗೇಮಿನಲ್ಲಿ ಆಟವೇನೋ ಅದೇ, ಹಾಡಿನ ಬದಲು ಕೀಚಲು.

ಈಗಿನ ದೊಡ್ಡ ದೊಡ್ಡ ಆಟಗಳಿಗೆ ನೂರು ಪಿಟೀಲು, ಗುಂಪಿನಲ್ಲಿ ಹೋ ಅನ್ನುವವರು, ಧಡಧಡ ಡೋಲು. ಆಟ ನಿಲ್ಲಿಸಿ ಒಂದೇ ಒಂದು ಸಾಲು ಗುನುಗಿ ನೋಡೋಣ. ಆಗಲ್ಲ. ವಯಸ್ಸಾಯ್ತು ಅಂತ ಯಾರಾದರೂ ಅಂದರೆ ಅನ್ನಲಿ. ಟೋಕಿಯೋ ಒಲಿಂಪಿಕ್ಸ್ 2021ರಲ್ಲಿ ಶುರುವಾದಾಗ ತಂಡಗಳು ನಡೆದು ಬಂದದ್ದು ವಿಡಿಯೋ ಗೇಮಿನ ಸಂಗೀತಕ್ಕೆ. ಎಷ್ಟೊಂದು ಆಟದ್ದು ಹಾಕಿದರು, ಮಾರಿಯೋದು ಮಾತ್ರ ಇಲ್ಲ. ಆ ಸಿಟ್ಟೂ ನನಗೆ ಇನ್ನೂ ಇಳಿದಿಲ್ಲ.

ಮೊನ್ನೆ ಬೆಣ್ಣೆ ದೋಸೆ ಹೋಟೆಲಿನಲ್ಲಿ ಅದೇ ಅಂಗಡಿಯಣ್ಣ ಸಿಕ್ಕಿದ. ಗುರುತು ಹಿಡಿದು ಎದುರಿಗೇ ಬಂದು ಕೂತ. ನಮ್ಮ ತಂಗಿ ಮಗನಿಗೆ ಹೇಳೋಕೆ ಆಗದ್ದು ಇವನಿಗಾದರೂ ಗೊತ್ತಿರಬೇಕು ಅನ್ನಿಸಿತು. ದಿನವಿಡೀ ಕೇಳಿದವನು ಅಲ್ವಾ?

"ಅಣ್ಣ, ಅಷ್ಟು ಆಟದಾಗೆ ನಿಮಗೆ ಯಾವುದರ ಮ್ಯೂಸಿಕ್ ಸೇರ್ತಿತ್ತು?"

"ನಾನೆಲ್ಲಿ ಕೇಳೀನಪ್ಪ? ತಲೆನೋವು ಬರ್ತಿತ್ತು. ಕಿವಿಗೆ ಅರಳೆ ಇಟ್ಕಂಡು ಕುಂದರ್ತಿದ್ದೆ."

ಬಟ್ಟೆ ಮಿಲ್ಲುಗಳಿದ್ದ ಊರು, ಅರಳೆಗೇನು ಬರ. "ಹಂಗಾದ್ರೆ ಹಾಡು ಜೋರಾಗಿ ಓಡಾಕತ್ತಿದ್ದು ಹೆಂಗೆ ಗೊತ್ತಾಗ್ತಿತ್ತು?"

"ನಿಮ್ಮ ಮುಖ ನೋಡಿ. ಎಲ್ಲಾರೂ ಒಮ್ಮೆಗೇ ಬಾಯಿ ತೆಕ್ಕೊಂಡು ಕುರ್ಚಿ ತುದೀಗೆ ಬರ್ತಿದ್ರಿ."

ಇನ್ನೂ ಕೇಳೋದಿತ್ತು. ಅಷ್ಟರಲ್ಲಿ ಬಿಲ್ಲು ಬಂತು. ಅಣ್ಣ ಕೈ ತೊಳೆಯೋಕೆ ಅಂತ ಎದ್ದು ಹೋದ.