ಹತ್ತು, ಪದಿ, ದಸ್

ಜಿಮ್ಮಿನಲ್ಲಿ ಎಣಿಸುವ ಕೆಲಸವನ್ನು ಗೆಳೆಯನಿಗೆ ಕೊಟ್ಟವನ ಗತಿ ದೇವರಿಗೇ ಪ್ರೀತಿ. ಬೆಂಚಿನ ಮೇಲೆ ಮಲಗಿ ಕಬ್ಬಿಣ ಎತ್ತುವವನಿಗೆ ಏಳರ ಆಚೆ ಲೆಕ್ಕ ಇರುವುದಿಲ್ಲ. ಮುಂದಿನದೆಲ್ಲ ತಲೆ ಹತ್ತಿರ ನಿಂತವನ ಪ್ರಾಮಾಣಿಕತೆಗೆ ಬಿಟ್ಟಿದ್ದು. ನನ್ನ ಗೆಳೆಯರಲ್ಲಿ ಅದು ಒಬ್ಬರಿಗೂ ಇಲ್ಲ. "ಎಂಟು... ಎಂಟು... ಸರಿಯಾಗಿ ಎತ್ತಲೇ, ಎಂಟು..."

ನಮ್ಮ ಬಳ್ಳಾರಿಯಲ್ಲಿ ಈ ಮೋಸಕ್ಕೆ ಅನುಕೂಲ ಜಾಸ್ತಿ. ಇಲ್ಲಿ ಬೀದಿ ಮಾತು ಮೂರು ಭಾಷೆಯಲ್ಲಿ ಓಡಾಡುತ್ತದೆ. ಜೀನ್ಸ್ ಹೊಲಿಸುವ ಯೂನಿಟ್ ಇಟ್ಟಿರುವ ಗೆಳೆಯ "ಹತ್ತು" ಅನ್ನುತ್ತಾನೆ. ಮುಗೀತಪ್ಪಾ ಅಂತ ಉಸಿರು ಬಿಡುವಷ್ಟರಲ್ಲಿ "ಪದಿ" ಅನ್ನುತ್ತಾನೆ. ಕೈ ತಾನಾಗಿ ಮೇಲೆ ಹೋಗಿರುತ್ತದೆ. ಅದಾದ ಮೇಲೆ "ದಸ್". ಮೂರೂ ಹತ್ತೇ ಅಲ್ವಾ, ನಾನೆಲ್ಲಿ ಸುಳ್ಳು ಹೇಳಿದೆ ಅಂತ ಅವನ ವಾದ. ಪುಣ್ಯಕ್ಕೆ ಅವನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಲಿಲ್ಲ.

ಕೊನೆಯ ಎತ್ತಿನಲ್ಲಿ ಕೈ ನಡುಗಿ ಕಬ್ಬಿಣ ಅರ್ಧಕ್ಕೇ ನಿಂತಾಗ ಅವನು ಎರಡು ಬೆರಳು ಕೆಳಗಿಡುತ್ತಾನೆ. ಅದು ಮೇಲೇರುತ್ತದೆ. "ನಾ ಏನೂ ಹಿಡಿದಿಲ್ಲಲೇ, ಪೂರಾ ನಿಂದೇ" ಅನ್ನುತ್ತಾನೆ. ಇಷ್ಟು ಹಿತವಾದ ಸುಳ್ಳನ್ನು ಜಗತ್ತಿನಲ್ಲಿ ಬೇರೆ ಯಾರೂ ನನಗೆ ಹೇಳಿಲ್ಲ.

ಇದನ್ನೆಲ್ಲ ಪ್ರೋತ್ಸಾಹ ಅಂತ ಕರೆಯಬೇಕೋ ಏನೋ. ಒಳ್ಳೆ ಮಾತಂತೂ ಇಲ್ಲಿ ಯಾರೂ ಆಡುವುದಿಲ್ಲ. "ನಿಮ್ಮಜ್ಜ ಕ್ವಿಂಟಲ್ ಚೀಲ ಹೊತ್ತಿದ್ನಂತ, ನಿನಗ ಇಷ್ಟ್ ಆಗಲ್ಲೇನಲೇ?" ಅಂತ ಅಜ್ಜನನ್ನು ಎಳೆದು ತರುತ್ತಾರೆ. ಸಿಟ್ಟಿಗೆ ಇನ್ನೆರಡು ಬಸ್ಕಿ ಬಿದ್ದಿರುತ್ತವೆ. ಗರಡಿಮನೆಯ ಕಾಲದಿಂದಲೂ ಹೀಗೇ ಇರಬೇಕು. ಮನೆಯಲ್ಲಿ ಒಬ್ಬನೇ ಬಸ್ಕಿ ಹೊಡೆದು ನೋಡಿ, ಹದಿನೈದಕ್ಕೆ ಫೋನು ನೆನಪಾಗುತ್ತದೆ.

ಬೇರೆಯವರು ಜೊತೆಗಿದ್ದರೆ ಮೈ ಜೋರಾಗಿ ಓಡುತ್ತದೆ ಅನ್ನುವುದನ್ನು ಅಮೆರಿಕದ ನಾರ್ಮನ್ ಟ್ರಿಪ್ಲೆಟ್ 1898ರಲ್ಲೇ ಸೈಕಲ್ ರೇಸಿನ ದಾಖಲೆಗಳನ್ನು ಹೋಲಿಸಿ ಬರೆದಿದ್ದಾನೆ. ನನಗೆ ಹೆಚ್ಚು ಇಷ್ಟ ಆಗಿದ್ದು ಜರ್ಮನಿಯ ಒಟ್ಟೊ ಕೋಲರ್. 1920ರ ದಶಕದಲ್ಲಿ ಅವನು ಬರ್ಲಿನ್ನಿನಲ್ಲಿ ದೋಣಿ ಹುಟ್ಟು ಹಾಕುವವರ ಕೈಗೆ ಭಾರ ಕೊಟ್ಟು, ಸೋಲುವ ತನಕ ಎತ್ತಿಸಿದ. ಮೊದಲು ಒಬ್ಬೊಬ್ಬರಾಗಿ, ಆಮೇಲೆ ಜೊತೆ ಮಾಡಿ. ಜೊತೆಯಲ್ಲಿ ಎತ್ತಿದಾಗ ಬಡಕಲಾದವನು ಒಬ್ಬನೇ ಇದ್ದಾಗಿನಕ್ಕಿಂತ ಹೆಚ್ಚು ಹೊತ್ತು ತಡೆದ. ತನ್ನಿಂದ ಜೊತೆಗಾರ ಕೆಡಬಾರದಲ್ಲ! ಆದರೆ ಇಬ್ಬರ ಶಕ್ತಿಗೆ ತೀರಾ ಅಂತರ ಇದ್ದರೆ ಈ ಆಟ ನಡೆಯಲಿಲ್ಲ. ಅಂದರೆ ಪಕ್ಕಕ್ಕೆ ಪೈಲ್ವಾನ ಬೇಡ. ನಮಗಿಂತ ಸ್ವಲ್ಪ ಗಟ್ಟಿ ಇರುವವನು, ಆಗಾಗ ಅವನೂ ಸುಸ್ತಾಗುವವನು ಸಾಕು. ಹೊಟ್ಟೆ ಬಂದ ಗೆಳೆಯರ ಪರವಾಗಿ ವಿಜ್ಞಾನ ಇಷ್ಟು ಗಟ್ಟಿಯಾಗಿ ನಿಂತದ್ದು ಅಪರೂಪ.

ಭಾನುವಾರ ನಮ್ಮ ಗುಂಪು ಕಂಪ್ಲಿ ಮೇಲೆ ಹೊರಟು ಆನೆಗೊಂದಿ ಹತ್ತಿರದ ಅಂಜನಾದ್ರಿಗೆ ಹೋಗುವುದುಂಟು. ಭಕ್ತಿ ಅರ್ಧ, ಬೆವರು ಅರ್ಧ. ಮೆಟ್ಟಿಲು 575. ಬಿಸಿಲೇರುವ ಮೊದಲು ಹತ್ತಬೇಕು, ಇಲ್ಲದಿದ್ದರೆ ಬಂಡೆ ಕಾದು ಎರಡು ಕಡೆಯಿಂದ ಬೇಯಿಸುತ್ತದೆ. ಅರ್ಧ ದಾರಿಯಲ್ಲೇ "ಇನ್ನು ಐವತ್ತೇ ಮೆಟ್ಟಿಲು ಐತಿ" ಅನ್ನುವ ದೋಸ್ತ್ ಇಲ್ಲೂ ಇರುತ್ತಾನೆ. ಕೆಳಗಿಳಿದು ಬರುವ ಅಪರಿಚಿತರೂ ನಗುತ್ತಾ ಅದನ್ನೇ ಹೇಳಿ ಹೋಗುತ್ತಾರೆ.

ಹನುಮಂತ ಹುಟ್ಟಿದ್ದು ಈ ಬೆಟ್ಟದಲ್ಲೇ ಅನ್ನುವುದು ನಮ್ಮ ಕಡೆಯವರ ನಂಬಿಕೆ. ಅಷ್ಟು ಶಕ್ತಿ ಇದ್ದವನಿಗೂ ಸಮುದ್ರದ ದಂಡೆಯಲ್ಲಿ ಜಾಂಬವಂತ ನೆನಪು ಮಾಡಿಕೊಡಬೇಕಾಯಿತು ನೋಡಿ. ವಾಲ್ಮೀಕಿಯ ಜಾಂಬವಂತ ಮೊದಲು ತನ್ನ ಪ್ರಾಯದ ಜಿಗಿತಗಳ ಸುದ್ದಿ ಹೇಳುತ್ತಾನೆ. ಈಗ ವಯಸ್ಸಾಯಿತು, ತೊಂಬತ್ತು ಯೋಜನ ಮಾತ್ರ ಹಾರಬಲ್ಲೆ ಅನ್ನುತ್ತಾನೆ. ಬೇಕಿದ್ದದ್ದು ನೂರು. ಆಮೇಲೆ ಹನುಮಂತನ ಕಡೆ ತಿರುಗಿ, ಸುಮ್ನೆ ಯಾಕೆ ಕೂತೆ ಅಂತ ಶುರು ಮಾಡುತ್ತಾನೆ. ಪ್ರತಿ ಜಿಮ್ಮಿನ ಮೂಲೆಯಲ್ಲೂ "ನಮ್ಮ ಕಾಲಕ್ಕ..." ಅಂತ ಕೂತ ಹಿರಿಯರು ಒಬ್ಬರಾದರೂ ಇರುತ್ತಾರಲ್ಲ, ಅವರ ಕುಲಕ್ಕೆ ಇವನೇ ಮೂಲ.

ಮೇಲೆ ತುಂಗಭದ್ರೆ, ಭತ್ತದ ಗದ್ದೆ, ಹಂಪಿಯ ಬಂಡೆ ನೋಡಿ ಫೋಟೊ ಹೊಡೆದುಕೊಳ್ಳುವ ತನಕ ಎಲ್ಲರೂ ಶೂರರು. ಇಳಿಯುವಾಗ ಯಾರೂ ಯಾರನ್ನೂ ಹುರಿದುಂಬಿಸುವುದಿಲ್ಲ. ಆದರೆ ನೋವಿನ ಬೀಜ ಬೀಳುವುದು ಅಲ್ಲೇ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಅಂಥ ಕೆಲಸದ ನೋವು ಮಾರನೇ ದಿನ ಶುರುವಾಗಿ ಎರಡು ಮೂರು ದಿನ ಹಿಡಿದಿಟ್ಟುಕೊಳ್ಳುತ್ತದೆ.

ಹಾಗೆ ಒಂದು ಮಂಗಳವಾರ ಜೀನ್ಸ್ ಗೆಳೆಯನಿಗೆ ಫೋನ್ ಮಾಡಿ, ಕಾಲು ಹೇಗಿದೆ ಅಂತ ಕೇಳಿದೆ. "ನನಗೇನಾಗೇತಿ, ಆರಾಮ್ ಅದೀನಿ" ಅಂದ. ಹಿಂದಿನಿಂದ ಅವನ ಹೆಂಡತಿಯ ದನಿ ಕೇಳಿತು: "ಸುಳ್ಳು ಅಣ್ಣಾ! ಎರಡು ದಿನ ಆತು ಮಾಳಿಗಿ ಹತ್ತಿಲ್ಲ. ಊಟ ಕೆಳಗ ಯೂನಿಟ್ಟಿಗೇ ತಂದು ಕೊಡಾಕತ್ತೀನಿ."