ಸಮಾಜಕ್ಕೊಂದು ಖಾಲಿ ಕುರ್ಚಿ

ವೈದ್ಯಕೀಯ ಕಾಲೇಜಿನಲ್ಲಿ ಸಾಮಾಜಿಕ ಉತ್ತರದಾಯಿತ್ವ ಎಲ್ಲಿದೆ ಎಂದು ಕೇಳಿದರೆ ಈಗ ಯಾರೂ ತಡವರಿಸುವುದಿಲ್ಲ. ಲಿಫ್ಟಿನ ಪಕ್ಕ, ಗಾಜಿನ ಚೌಕಟ್ಟಿನೊಳಗಿದೆ. ಸುತ್ತಲ ಜನರ ಆರೋಗ್ಯದ ಮುಖ್ಯ ತೊಂದರೆಗಳತ್ತ ಬೋಧನೆ, ಸಂಶೋಧನೆ, ಸೇವೆಗಳನ್ನು ತಿರುಗಿಸುವುದು ಕಾಲೇಜಿನ ಹೊಣೆ ಎಂದು ವಿಶ್ವ ಆರೋಗ್ಯ ಸಂಸ್ಥೆ 1995ರಲ್ಲೇ ಹೇಳಿತ್ತು. ಯಾವುದು ಮುಖ್ಯ ಎಂಬುದನ್ನು ಜನರನ್ನೂ ಕೂರಿಸಿಕೊಂಡು ಗುರುತಿಸಬೇಕು ಎಂದೂ ಸೇರಿಸಿತ್ತು. ಚೌಕಟ್ಟು ಕೊಂಚ ಚಿಕ್ಕದಾದ್ದರಿಂದ ಈ ಎರಡನೆಯ ಮಾತು ಅದರಲ್ಲಿ ಹಿಡಿಸಿಲ್ಲ.

ಹಾಗಂತ ಸಮಿತಿ ಇಲ್ಲವೆಂದಲ್ಲ. ಹನ್ನೊಂದು ಮಂದಿ ಸದಸ್ಯರು: ಹತ್ತು ವಿಭಾಗ ಮುಖ್ಯಸ್ಥರು, ಒಬ್ಬರು 'ಸಮಾಜ'. ಸಭೆ ಬೆಳಗ್ಗೆ 11ಕ್ಕೆ, ಅಂದರೆ ಸಮಾಜ ಕೆಲಸಕ್ಕೆ ಹೋಗಿರುವ ಹೊತ್ತಿಗೆ. ಖಾಲಿ ಕುರ್ಚಿಯ ಮೇಲೆ ಪ್ರೊಜೆಕ್ಟರ್ ಇಡುತ್ತಾರೆ. ಎತ್ತರ ಸರಿಯಾಗಿ ಹೊಂದುತ್ತದಂತೆ.

1961ರಲ್ಲಿ ವೈದ್ಯ-ಸಂಶೋಧಕ ಕೆರ್ ವೈಟ್ ಮತ್ತು ಸಂಗಡಿಗರು ಒಂದು ಲೆಕ್ಕ ಹಾಕಿದ್ದರು. 1000 ವಯಸ್ಕರಲ್ಲಿ ತಿಂಗಳಿಗೆ 750 ಮಂದಿಗೆ ಏನಾದರೊಂದು ಕಾಯಿಲೆ ಇಲ್ಲವೇ ಪೆಟ್ಟು. ವೈದ್ಯರನ್ನು ಕಾಣುವವರು 250. ಆಸ್ಪತ್ರೆ ಸೇರುವವರು 9. ವಿಶ್ವವಿದ್ಯಾಲಯದ ಆಸ್ಪತ್ರೆಯ ತನಕ ಬರುವವರು ಒಬ್ಬರು. ಆ ಒಬ್ಬರ ಸುತ್ತ ಇಂದಿಗೂ ಇಪ್ಪತ್ತು ಸ್ಟೆತಸ್ಕೋಪ್. ಮಿಕ್ಕ 999 ಮಂದಿ ಸಿಲೆಬಸ್ಸಿನ ಆಚೆ ಆರಾಮವಾಗಿ ಕೆಮ್ಮಿಕೊಂಡಿರಬಹುದು.

ಆ ಒಬ್ಬರಿಗಾದರೂ ಹೆಸರಿದೆಯೇ? ಇದೆ, 'ಬೆಡ್ ನಂಬರ್ 14'. ರೌಂಡ್ಸಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಬಾಯಿಬಿಟ್ಟಳು:

"ಮಾತ್ರೆ ಯಾಕೆ ನಿಲ್ಲಿಸಿದ್ರಿ ಅಂತ ಕೇಳಿದೆ ಸರ್. ಕೊಳ್ಳೋಕೆ ದುಡ್ಡಿರಲಿಲ್ಲವಂತೆ."

"ಅದು ಪರೀಕ್ಷೆಗೆ ಬರುತ್ತೇನಮ್ಮಾ?"

ಎಲ್ಲರೂ ನಕ್ಕರು. ಹಿರಿತನದ ಪ್ರಕಾರವೇ ನಕ್ಕರು: ಮೊದಲು ಅಸೋಸಿಯೇಟ್ ಪ್ರೊಫೆಸರ್, ಆಮೇಲೆ ಪಿಜಿಗಳು, ಕೊನೆಗೆ ಅವಳ ಬೆಂಚಿನವರೇ. ಹೀಗೆ ಸಿಲೆಬಸ್ಸಿನಲ್ಲಿ ಇಲ್ಲದ್ದನ್ನು ಹಿರಿಯರ ನಡವಳಿಕೆಯಿಂದಲೇ ಕಲಿಯುವುದಕ್ಕೆ ಶಿಕ್ಷಣತಜ್ಞರು 'ಗುಪ್ತ ಪಠ್ಯಕ್ರಮ' ಎನ್ನುತ್ತಾರೆ. ಗುಪ್ತ ಏನು ಬಂತು ಮಣ್ಣು, ಇಡೀ ವಾರ್ಡಿಗೆ ಕೇಳಿಸಿತ್ತು! ಮರುದಿನ ಆಕೆ ಅದೇ ರೋಗದ ಏಳು ಲಕ್ಷಣಗಳನ್ನು ಉಸಿರು ಬಿಡದೆ ಒಪ್ಪಿಸಿ ಶಹಬ್ಬಾಸ್ ಪಡೆದಳು. ಮಾತ್ರೆಯ ಮಾತು ಮತ್ತೆ ಎತ್ತಲಿಲ್ಲ.

ಈಗ ಸಾಮಾಜಿಕ ಉತ್ತರದಾಯಿತ್ವದ ಪ್ರಶಸ್ತಿಗೆ ಅರ್ಜಿ ಹಾಕುವ ಗಡಿಬಿಡಿ. ಸಮಾಜದ ಮೇಲಾದ ಪರಿಣಾಮಕ್ಕೆ ಪುರಾವೆ ಬೇಕಂತೆ. ಆರೋಗ್ಯ ಶಿಬಿರದ ಫೋಟೊ ಹುಡುಕಿ ತೆಗೆದರು. ಡೀನ್ ಇದ್ದಾರೆ, ಬ್ಯಾನರ್ ಇದೆ, ಬಿಳಿ ಕೋಟುಗಳ ಸಾಲು ಇದೆ. ಒಂದೇ ತೊಡಕು: ಬ್ಯಾನರಿನ ಹಿಂದಿನಿಂದ ಒಬ್ಬ ಮುದುಕಿ ಕೈಯೆತ್ತಿ ಏನೋ ಹೇಳುತ್ತಿದ್ದಾಳೆ.

ಕ್ರಾಪ್ ಮಾಡಿ ಕಳಿಸಲು ಸಮಿತಿ ಸರ್ವಾನುಮತದಿಂದ ತೀರ್ಮಾನಿಸಿತು. ಪ್ರೊಜೆಕ್ಟರ್ ಕೂಡ ಹಾಜರಿತ್ತು.