ಕೈ ನಡುಗಿದ್ದು ಕುಡಿದಿದ್ದಕ್ಕಲ್ಲ

ನಿನ್ನೆ ಮಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಹೌದು, ಅದೇ ಮಾವ. ನನ್ನ ಮದುವೆ ಫೋಟೋದಲ್ಲಿ ಯಾಕಿಲ್ಲ ಅಂತ ಕೇಳ್ತಿದ್ರಲ್ಲ, ಅವರೇ. "ಕುಡಿತ ಬಿಡ್ಬೇಕು ಕಣೋ, ಡಾಕ್ಟ್ರ ಹತ್ರ ಹೋಗೋಣ್ವಾ?" ಅಂತ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವರಾಗೇ ಕೇಳಿದ್ದರು.

ಡಾಕ್ಟರ್ ಮುಂದೆ ವಾಸನೆ ಬರಬಾರದು ಅಂತ ಹಿಂದಿನ ರಾತ್ರಿಯಿಂದ ಒಂದು ಹನಿಯೂ ಮುಟ್ಟಿರಲಿಲ್ಲ. ಇಸ್ತ್ರಿ ಹಾಕಿದ ಬಿಳಿ ಅಂಗಿ ಬೇರೆ. ಕೌಂಟರ್‌ನಲ್ಲಿ ಫಾರಂಗೆ ಸಹಿ ಹಾಕಲು ಪೆನ್ನು ಹಿಡಿದರೆ ಕೈ ಗಡಗಡ. ಒಳಗೆ ಕೂತಿದ್ದ ಪುಣ್ಯಾತ್ಮ ನಕ್ಕ: "ಏನ್ ಯಜಮಾನ್ರೇ, ಬೆಳಗ್ಗೆ ಬೆಳಗ್ಗೆನೇ ಏರಿಸ್ಕೊಂಡು ಬಂದ್ರಾ?" ಕ್ಯೂನಲ್ಲಿದ್ದವರೂ ನಕ್ಕರು. ಅಯ್ಯಾ, ಕೈ ನಡುಗಿದ್ದು ಕುಡಿದಿದ್ದಕ್ಕಲ್ಲ, ಕುಡಿಯದೇ ಇದ್ದದ್ದಕ್ಕೆ! ಮಾವ ಪೆನ್ನು ಇಟ್ಟು ಬಾಗಿಲ ಕಡೆ ತಿರುಗಿಯೇ ಬಿಟ್ಟರು. ತೋಳು ಹಿಡಿದು ನಿಲ್ಲಿಸಿದೆ.

ಕೇಂದ್ರ ಸರ್ಕಾರ ಏಮ್ಸ್‌ನಿಂದ ಮಾಡಿಸಿದ ಸಮೀಕ್ಷೆ 2019ರಲ್ಲಿ ಬಂತು. ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿತ್ತಂತೆ. ಸಿಗೋದು ಹೇಗೆ? ಬಂದ ಒಬ್ಬನನ್ನೂ ಕೌಂಟರ್‌ನಲ್ಲೇ ಓಡಿಸ್ತೀವಲ್ಲ.

ಬೈದ್ರೆ ತಾನೇ ಬುದ್ಧಿ ಬರೋದು ಅಂತ ಕಾಮೆಂಟ್ ಹಾಕುವವರಿದ್ದೀರಿ, ಗೊತ್ತು. ಬೈಗುಳಕ್ಕೆ ಕುಡಿತ ಬಿಡೋ ಹಾಗಿದ್ರೆ ನಮ್ಮತ್ತೆ 2004ರಲ್ಲೇ ಬಿಡಿಸಿರ್ತಿದ್ದರು.

ನಾನೇನು ಸಾಚಾ ಅಲ್ಲ. ಗೋಡೆ ಮೇಲಿನ ಜಾಹೀರಾತು ನೋಡಿ ಅದ್ಯಾವುದೋ ಪುಡಿ ತಂದು ಸಾರಿಗೆ ಕಲಸಿದ್ದೂ ನಾನೇ. ಎರಡು ವರ್ಷದ ಹಿಂದೆ ರೂಮಿಗೆ ಕೂಡಿ ಬೀಗ ಹಾಕಿದ್ದೂ ನಾನೇ. ಎರಡನೇ ದಿನ ಫಿಟ್ಸ್ ಬಂತು. ನಾಟಕ ಅಂದುಕೊಂಡೆ. ದಿನಾ ಜಾಸ್ತಿ ಕುಡಿಯುವವರು ದಿಢೀರ್ ಅಂತ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು, ಜೀವವೇ ಹೋಗಬಹುದು. ಇದು ನನಗೆ ತಿಳಿದದ್ದು ನಿನ್ನೆ. 14416ಕ್ಕೆ ಫೋನ್ ಮಾಡಿದ್ದರೆ ಅವತ್ತೇ ತಿಳಿಯುತ್ತಿತ್ತು. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಬಿಟ್ಟಿ, ಕನ್ನಡದಲ್ಲೇ ಮಾತಾಡ್ತಾರೆ.

ಡಾಕ್ಟರ್ ಇನ್ನೂ ಚಿಕ್ಕ ಹುಡುಗಿ. "ಕೊನೇ ಸಲ ಯಾವಾಗ ಕುಡಿದ್ರಿ? ದಿನಕ್ಕೆ ಎಷ್ಟು? ಹಿಂದೆ ನಿಲ್ಲಿಸಿದಾಗ ಫಿಟ್ಸ್ ಬಂದಿತ್ತಾ?" ಸಕ್ಕರೆ ಕಾಯಿಲೆಯವರನ್ನು ಕೇಳುವ ಹಾಗೇ ಕೇಳಿದರು. ಮಾವ "ಎರಡು ಕ್ವಾರ್ಟರ್" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮೂರು". ಆಕೆ ಹುಬ್ಬು ಕೂಡ ಏರಿಸಲಿಲ್ಲ. ಎರಡನ್ನು ಹೊಡೆದು ಮೂರು ಅಂತ ಬರೆದರು, ಅಷ್ಟೇ. ಮನೆಯಲ್ಲಿ ನಾವ್ಯಾರೂ ಆ ಮೂರನ್ನು ಅವರ ಬಾಯಿಂದ ಕೇಳಿದವರೇ ಅಲ್ಲ.

ಫಿಟ್ಸ್ ಅಂದ ಕೂಡಲೇ ಅಡ್ಮಿಟ್ ಮಾಡಿಕೊಂಡರು. ಥಯಮಿನ್ ಅಂದರೆ ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟರು. ನಡುಕದ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸ್ತಾರಂತೆ.

ರಾತ್ರಿ ಹೊರಡುವಾಗ ಮಾವ ಕರೆದು ಮೆಲ್ಲಗೆ ಕೇಳಿದರು: "ಡಿಸ್ಚಾರ್ಜ್‌ಗೂ ಆ ಕೌಂಟರ್‌ನಲ್ಲೇ ಸಹಿ ಹಾಕ್ಬೇಕೇನೋ?"